ಗುರುಬಾಯಕ್ಕ ನೋಡಿದ ಎರಡು ಹಲಗೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ನಳಿನಿ ಊರಿಗೆಲ್ಲ ಸಾರಿದ್ದಾಳೆ. ಸುಳ್ಳೇನಲ್ಲ. ಅಬಿಡ್ಸಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೇಳು ವರ್ಷ ಕೂತವನ ಮೂಗಿನ ಮೇಲೆ ಇನ್ನೇನು ಮಲ್ಲಿಗೆ ಅರಳುತ್ತದೆಯೇ? ಇಂಥ ಸೂರ್ಯಕಾಂತನಾದ ನನ್ನನ್ನೂ ಬೆರಗಿನಿಂದ ಬಾಯಿ ಮುಚ್ಚುವಂತೆ ಮಾಡಿದವರು ಈ ಹೈದರಾಬಾದಿನಲ್ಲಿ ಒಬ್ಬರೇ. ಚಿಂತಲ್‌ನಲ್ಲಿ ನಮ್ಮ ಗಲ್ಲಿಯ ಎದುರು ಮನೆಯ ಗುರುಬಾಯಕ್ಕ.

ಆಕೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನಾನು ಸಿಂದಗಿಯವನಾದ್ದರಿಂದ ನಮ್ಮ ಮಾತು ಕೂಡಿ ಬಂತು. ಹತ್ತೊಂಬತ್ತನೆಯ ವಯಸ್ಸಿಗೆ ಗಂಡ ವೈಜನಾಥನ ಜೊತೆ ಇಲ್ಲಿನ ಜೀಡಿಮೆಟ್ಲಾಕ್ಕೆ ಬಂದರು. ಗಂಡ ಔಷಧಿ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕೆ, ಇವರು ಪಕ್ಕದ ಸಣ್ಣ ಪೇಂಟ್ ಕಾರ್ಖಾನೆಯಲ್ಲಿ ಖಾಲಿ ಡಬ್ಬ ತೊಳೆಯುವುದಕ್ಕೆ. ಓದಿದ್ದು ನಾಲ್ಕನೇ ಇಯತ್ತೆ. ಒಂದು ದಿನ ಲಾರಿಗೆ ಏರುತ್ತಿದ್ದ ಬಿಳಿ ಬಣ್ಣದ ಡಬ್ಬಗಳಲ್ಲಿ ಒಂದರ ಮುಚ್ಚಳ ತೆರೆದಿತ್ತಂತೆ. ಅದನ್ನು ನೋಡಿ ಇವರು ಸೂಪರ್‌ವೈಸರಿಗೆ, "ಸಾಹೇಬ್ರ, ಇದು ನಿನ್ನಿ ಬಿಳಿ ಅಲ್ಲರಿ, ಇದರಾಗ ಯಾರೋ ಒಂದ ಚಿಟಿಕಿ ಅರಿಷಿಣ ಹಾಕಿದಂಗ ಐತಿ" ಎಂದರು. ಆತ ನಕ್ಕ. ಆಮೇಲೆ ಒಳಗೆ ಒಯ್ದು ತಪಾಸಣೆ ಮಾಡಿಸಿದರೆ ಯಾರೋ ಹಳದಿಯ ಡಬ್ಬದಲ್ಲಿ ಅದ್ದಿದ ಕೋಲನ್ನೇ ಬಿಳಿಗೂ ಅದ್ದಿದ್ದರು. ಮಾರನೆಯ ದಿನದಿಂದ ಗುರುಬಾಯಕ್ಕನ ಕೈಯಲ್ಲಿ ಡಬ್ಬ ತೊಳೆಯುವ ಬ್ರಷ್ ಇರಲಿಲ್ಲ. ಬಣ್ಣ ಹೊಂದಿಸುವ ಮೇಜಿನ ಮುಂದೆ ಮೂವತ್ತೊಂಬತ್ತು ವರ್ಷ ನಿಂತರು. ಪ್ರತಿ ಸಲ ಕಲಸಿದ ಬಣ್ಣ ಹಿಂದಿನದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಆಕೆ ಹೇಳಬೇಕು, ಆಮೇಲೆ ಲಾರಿ ಹೊರಡಬೇಕು. ಸ್ವಂತ ಮನೆ, ಹೊಲ, ಮಕ್ಕಳು ಯಾವುದೂ ಇಲ್ಲದ ಹೆಂಗಸು. ಇದ್ದ ಆಸ್ತಿ ಎಂದರೆ ಆ ಎರಡು ಕಣ್ಣು, ಮತ್ತು ಅವುಗಳ ಮೇಲೆ ಊರವರಿಗಿದ್ದ ನಂಬಿಕೆ.

ಆ ನಂಬಿಕೆ ಎಂಥದೆಂದರೆ, ನಮ್ಮ ಗಲ್ಲಿಯ ಹೆಂಗಸರು ಸೀರೆಗೆ ಜಂಪರದ ಬಟ್ಟೆ ತರಲು ಸುಲ್ತಾನ್ ಬಜಾರಿಗೆ ಹೋಗುವಾಗ ಸೀರೆಯನ್ನು ಮನೆಯಲ್ಲೇ ಬಿಟ್ಟು ಗುರುಬಾಯಕ್ಕನನ್ನು ಕರೆದೊಯ್ಯುತ್ತಿದ್ದರು. ಬೆಳಿಗ್ಗೆ ಒಮ್ಮೆ ಸೀರೆ ನೋಡಿದರೆ ಸಾಕು. ಸಂಜೆ ಆ ಗದ್ದಲದಲ್ಲಿ, ನೂರಾರು ತುಂಡು ಗುಡ್ಡೆ ಹಾಕಿದ ಅಂಗಡಿಯಲ್ಲಿ, ಒಂದನ್ನು ಎಳೆದು ತೆಗೆದು "ಇದ" ಎನ್ನುತ್ತಿದ್ದರು. ಬಹಳ ವರ್ಷದ ಹಿಂದೆ ಒಮ್ಮೆ ನಾನೂ ಹೋಗಿದ್ದೆ. ನನಗೆ ನಂಬಿಕೆಯಿರಲಿಲ್ಲ, ನಳಿನಿಯ ಸೀರೆಯನ್ನು ಕದ್ದು ಚೀಲದಲ್ಲಿ ಒಯ್ದಿದ್ದೆ. ಆಕೆ ತುಂಡು ಆರಿಸಿದ ಮೇಲೆ ಸೀರೆ ತೆಗೆದು ಪಕ್ಕಕ್ಕಿಟ್ಟೆ. ಅಬ್ಬಾ! ಎಲ್ಲಿ ಸೀರೆ ಮುಗಿಯಿತು, ಎಲ್ಲಿ ತುಂಡು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗಲಿಲ್ಲ. ಅಂಗಡಿಯವನು ಎದ್ದು ನಿಂತು ಆಕೆಗೆ ನಮಸ್ಕಾರ ಮಾಡಿದ. ಬಣ್ಣವನ್ನು ಹೀಗೆ ಹಾಡಿನಂತೆ ನೆನಪಿಟ್ಟುಕೊಳ್ಳುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಹಾಗಾಗಿ ನಮ್ಮ ಮಲಗುವ ಕೋಣೆಗೆ ಬಣ್ಣ ಬಳಿಯುವ ಮಾತು ಬಂದಾಗ ನಾನು ಬೇರೆ ಯಾರನ್ನು ಕೇಳಲಿ? ನಳಿನಿಗೆ ಅರೆದಲೆ ನೋವು. ಅದು ಬಂದಾಗ ಬೆಳಕು ಸೂಜಿ ಚುಚ್ಚಿದಂತಾಗುತ್ತದೆ. ನಮ್ಮ ಕೋಣೆಯ ಗೋಡೆ ಹಾಲಿನ ಕೆನೆಯ ಬಣ್ಣದ್ದು, ಕಿಟಕಿಯಿಂದ ಬಂದ ಬಿಸಿಲನ್ನೆಲ್ಲ ಅವಳ ಮುಖಕ್ಕೇ ಎರಚುತ್ತಿತ್ತು. ನಾಲ್ಕೂ ಗೋಡೆಗೆ ಕಡುಬಣ್ಣ ಬೇಕು ಎಂದು ಹಟ ಹಿಡಿದಳು. ಶಾಪುರ್ ನಗರದ ಪೇಂಟ್ ಅಂಗಡಿಯಲ್ಲಿ ಗಂಟೆಗಟ್ಟಲೆ ಪಟ್ಟಿ ನೋಡಿ ಎರಡಕ್ಕೆ ಬಂದು ನಿಂತಳು. ಒಂದು ಕಡುನೀಲಿ, ಇನ್ನೊಂದು ಕಡುಹಸಿರು. ಎರಡೂ ಎಷ್ಟು ಕಡು ಎಂದರೆ ಇನ್ನೊಂದು ಹೆಜ್ಜೆ ಹಾಕಿದರೆ ಕಪ್ಪೇ. ಯಾವುದನ್ನು ಬಳಿಸುವುದೆಂದು ಅವಳಿಗೂ ತಿಳಿಯದು, ನನಗಂತೂ ಮೊದಲೇ ತಿಳಿಯದು.

"ಗ್ವಾಡಿಗೆ ನೇರ ಬಳದು ನೋಡಬ್ಯಾಡ ತಮ್ಮಾ," ಎಂದರು ಗುರುಬಾಯಕ್ಕ. "ಹಳೇ ಬಣ್ಣ ಹೊಸಾ ಬಣ್ಣದ ಮ್ಯಾಲ ಚಾಡಿ ಹೇಳತೈತಿ. ಎರಡ ಹಲಗಿ ತೊಗೊ. ಎರಡೆರಡ ಸಲ ಬಳಿ. ಒಂದ ದಿನ ಪೂರ್ತಿ ಒಣಗಲಿ. ಹಸೀ ಬಣ್ಣ ಖರೇ ಹೇಳಂಗಿಲ್ಲ."

ಹೇಳಿದಂತೆ ಮಾಡಿದೆ. ಮರುದಿನ ಬೆಳಿಗ್ಗೆ ಆಕೆ ಬಂದು ಕೋಣೆಯ ಮೂಲೆಯಲ್ಲಿ ಕೂತರು. ಹಲಗೆಗಳ ಅಂಚಿಗೆ ಅಂಚು ತಾಗಿಸಿದರು, ನಡುವೆ ಕೂದಲೆಳೆಯೂ ಹೋಗದ ಹಾಗೆ. ಮೂರು ಎಣಿಸುವಷ್ಟು ಹೊತ್ತು ನೋಡಿ, ಮಡಿಲಲ್ಲಿದ್ದ ಬೂದು ಬಣ್ಣದ ಅರಿವೆಯನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಟ್ಟು, ಮತ್ತೆ ನೋಡಿದರು. ಎಡದ್ದನ್ನು ಬಲಕ್ಕಿಟ್ಟು ಇನ್ನೊಮ್ಮೆ ನೋಡಿದರು. ನಾವು ಗಂಡಹೆಂಡಿರು ಪೂಜೆಯ ಎದುರು ನಿಂತವರ ಹಾಗೆ ಉಸಿರು ಬಿಗಿಹಿಡಿದಿದ್ದೆವು.

"ತಮ್ಮಾ," ಎಂದರು, "ಅಂಗಡ್ಯಾವ ನಿನಗ ಟೋಪಿ ಹಾಕ್ಯಾನ. ಎರಡೂ ಡಬ್ಬ್ಯಾಗ ಒಂದ ಬಣ್ಣ ಕೊಟ್ಟಾನ."

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಬಳಿಯುವಾಗ ನನ್ನ ಕಣ್ಣಿಗೆ ಅವು ಬೇರೆ ಬೇರೆಯಾಗಿಯೇ ಕಂಡಿದ್ದವು. ಆದರೆ ಗುರುಬಾಯಕ್ಕ ಒಂದೇ ಎಂದ ಮೇಲೆ ಮುಗಿಯಿತಲ್ಲ! ನನ್ನ ಕಣ್ಣೇ ಸುಳ್ಳು ಹೇಳಿತು ಎಂದುಕೊಂಡೆ. ಹಲಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಗೆ ನುಗ್ಗಿ ಹಿಂದಿ, ತೆಲುಗು, ಕನ್ನಡ ಮೂರರಲ್ಲೂ ಬೈದೆ. ಅಂಗಡಿಯವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಹಲಗೆಗಳನ್ನು ರಸ್ತೆಯ ಬಿಸಿಲಿಗೆ ಹಿಡಿದು, ಹಾದು ಹೋಗುವವರನ್ನು ನಿಲ್ಲಿಸಿ ಕೇಳಿದ. ಆಟೋದವನು ನೀಲಿ, ಹಸಿರು ಎಂದ. ಹೂ ಮಾರುವವಳು ನೀಲಿ, ಹಸಿರು ಎಂದಳು. ಶಾಲೆಯಿಂದ ಬರುತ್ತಿದ್ದ ಸಣ್ಣ ಹುಡುಗಿ ಕೂಡ ಹಾಗೆಯೇ ಅಂದಳು. "ಚಷ್ಮಾ ಬದಲೋ ಸಾಬ್," ಎಂದು ಅಂಗಡಿಯವನು ನಗುತ್ತ ಹಲಗೆ ಮರಳಿಸಿದ. ಇಂಗು ತಿಂದ ಮಂಗನ ಹಾಗೆ ಮನೆಗೆ ಬಂದೆ.

ನಳಿನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಬಾಗಿಲು ಹಾಕಿ, ದನಿ ತಗ್ಗಿಸಿದಳು. "ನಿಮ್ಮ ತಮ್ಮನ ಮಗಳ ಮದುವಿಗೆ ನಾ ಉಟ್ಟಿದ್ದು ಯಾ ಸೀರಿ, ನೆನಪೈತೇನ್ರಿ?"

"ನೀಲಿದು."

"ಜಂಪರ?"

ನನಗೆ ನೆನಪಿರಲಿಲ್ಲ.

"ಕರೇದು. ಅಕ್ಕಾರ ಆರಿಸಿ ಕೊಟ್ಟಿದ್ದು. ಎದುರು ಸಾಲಿನ ಕೃಷ್ಣಾಬಾಯಿಗೆ ಬದನಿಕಾಯಿ ಬಣ್ಣದ ಸೀರಿಗೆ ಕಂದು ತುಂಡು ಕೊಡಿಸ್ಯಾರ. ಐದಾರು ವರ್ಷದಿಂದ ಹಿಂಗ ನಡದೈತಿ. ನಾವೆಲ್ಲಾ ಹಂಗ ಹೊಲಿಸಿಕೊಂಡ ಹಾಕ್ಕೋತೀವಿ. ಯಾರರೆ ಕೇಳಿದರ ಈಗ ಇದ ಫ್ಯಾಶನ್ ಅಂತೀವಿ."

"ಹುಚ್ಚ ಹಿಡದೈತೇನು ನಿಮಗ? ಒಬ್ಬರರೆ ಹೇಳಬಾರದೇನು?"

"ಹ್ಯಾಂಗ ಹೇಳೂದ್ರಿ? ಆಕಿಗೆ ಇರೂದ ಅದೊಂದು."

ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎಂಬಂತೆ ಗಲ್ಲಿಯ ಹೆಂಗಸರೆಲ್ಲ ಐದಾರು ವರ್ಷ ಬಾಯಲ್ಲಿಟ್ಟುಕೊಂಡಿದ್ದರು. ನನಗೆ ಬೆರಗಾಯಿತು. ಸಾಸಿವೆಯಷ್ಟು ವಿಷಯಕ್ಕೆ ನಲ್ಲಿಯ ಹತ್ತಿರ ಕೊಡ ಎತ್ತಿ ಜಗಳಾಡುವವರು ಇವರೇ. ಅದೇ ಹೆಂಗಸರು ಮದುವೆ ಮುಂಜಿಗೆ ಹೊಂದದ ಜಂಪರ ತೊಟ್ಟು ನಗುತ್ತ ಓಡಾಡಿದ್ದಾರೆ, ಒಬ್ಬ ಮುದುಕಿಯ ಮನಸ್ಸು ನೋಯಬಾರದೆಂದು.

ಅವರಿಗೆ ಇದ್ದ ಬುದ್ಧಿ ನನಗೆ ಇರಲಿಲ್ಲ. ಸಂಜೆ ಗುರುಬಾಯಕ್ಕ ಬಂದು, "ಏನಂದ ಅಂವಾ? ರೊಕ್ಕ ವಾಪಸ್ ಕೊಟ್ಟನೇನು? ನೀ ಸರಿಯಾಗಿ ದಬಾಯಿಸಿಲ್ಲ ಬಿಡು, ನಾಳೆ ನಾನ ಬರತೀನಿ" ಎಂದು ನನ್ನನ್ನೇ ಜಾಡಿಸತೊಡಗಿದರು. ಬೀದಿಯಲ್ಲಿ ಮಾನ ಕಳೆದುಕೊಂಡು ಬಂದವನು ನಾನು. ಮೂಗಿನ ತುದಿಯದು ಬಾಯಿಗೆ ಬಂತು.

"ಅಕ್ಕಾ, ಅವು ಎರಡೂ ಬ್ಯಾರೆ ಬ್ಯಾರೆ ಅವರಿ! ರಸ್ತಾದಾಗ ಹೋಗೂ ಹುಡಿಗಿಗೂ ಕಾಣತಾವ. ನಿಮಗ ಕಾಣವಲ್ವು. ಜಂಪರಾನೂ ಕಾಣವಲ್ವು, ಈ ಹೆಣ್ಮಕ್ಕಳು ಹೇಳಾಕ ಅಂಜ್ಯಾರ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಳಿನಿ ಒಳಗಿಂದ ಓಡಿ ಬಂದು ನನ್ನ ತೋಳು ಜಗ್ಗಿದಳು. ಗುರುಬಾಯಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ಸೋಲುವ ಹೆಂಗಸಲ್ಲ.

"ನನ್ನ ಕಣ್ಣಿಗೆ ಹೆಸರಿಡತೀಯೇನು? ಕೆಲಸದ ಕಡೀ ವರ್ಷದಾಗ ಕಂಪ್ಯೂಟರ್ ಮಶೀನ್ ತಂದು ಇಟ್ಟಿದ್ದರು ನನ್ನ ಮುಂದ. ಅದನ್ನ ನಡಸಾಕ ದೀಪಾಲಿ ಅಂತ ಕಲಬುರಗಿ ಹುಡಿಗಿ, ಬಿಎಸ್ಸಿ ಓದಿದಾಕಿ. ಕಡುನೀಲಿ ಎರಡ ಸಲ ಕಲಸಿದ್ದು ಒಂದಕ್ಕೊಂದ ಹೊಂದಂಗಿಲ್ಲ ಅಂತ ಮಶೀನ್ ಹೇಳ್ತು, ಆಕೀನೂ ಹೇಳಿದಳು. ನಾ ಹೊಂದತೈತಿ ಅಂದೆ. ಸಾಹೇಬ್ರು ಯಾರ ಮಾತ ಕೇಳಿದರು? ನಂದ! ಅದು ಹೊರಗ ಹೋಗಿ, ಬಣ್ಣ ಹೊಂದಿಲ್ಲ ಅಂತ ವಾಪಸ್ ಬಂತು. ನಾ ನೋಡಿದ ಮ್ಯಾಲ ಆಕಿನ ಏನೋ ಬೆರಕಿ ಮಾಡ್ಯಾಳ ಅಂತ ಸಾಹೇಬ್ರು ಆಕೀನ ಕೆಲಸದಿಂದ ತಗದರು. ನನ್ನ ಕಣ್ಣಿನ ಮ್ಯಾಲ ಒಬ್ಬರೂ ಒಂದ ಮಾತ ಆಡಲಿಲ್ಲ!"

ಇಷ್ಟು ಹೇಳಿದವರೇ ಹಲಗೆಗಳ ಕಡೆ ಒಮ್ಮೆ ನೋಡಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟುಹೋದರು.

ನಾಲ್ಕು ದಿನ ಎದುರು ಮನೆಯ ಬಾಗಿಲು ತೆರೆಯಲಿಲ್ಲ. ನಳಿನಿ ನನ್ನೊಡನೆ ಮಾತು ಬಿಟ್ಟಳು. ಗಲ್ಲಿಯ ಹೆಂಗಸರು ನನ್ನನ್ನು ಕಂಡರೆ ಮುಖ ತಿರುಗಿಸಿದರು. ನನಗೂ ಊಟ ಸೇರಲಿಲ್ಲ. ಐದನೆಯ ದಿನ ನಾನು ಕಚೇರಿಗೆ ಹೊರಟಾಗ ಗುರುಬಾಯಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ನಮ್ಮ ಮೆಟ್ಟಿಲ ಬಳಿ ನಿಂತಿದ್ದರು.

"ನಡಿ. ಕಣ್ಣಿನ ದವಾಖಾನಿಗೆ ಕರಕೊಂಡ ಹೋಗು. ನನ್ನ ಕಣ್ಣ ಸರಿ ಅದಾವು ಅಂತ ಡಾಕ್ಟರ್ ಬಾಯಿಲೆ ಕೇಳಸ್ತೀನಿ ನಿನಗ."

ಡಾಕ್ಟರಮ್ಮ ತೆಲುಗಿನವರು. ಬಹಳ ಹೊತ್ತು ನೋಡಿ "ಶುಕ್ಲಂ" ಎಂದರು. ಪೊರೆ. ಎರಡೂ ಕಣ್ಣಿಗೆ, ಬಲಗಣ್ಣಿಗೆ ಹೆಚ್ಚು. ಇದು ಬಿಳಿಯ ಪೊರೆಯಲ್ಲ, ವರ್ಷಗಟ್ಟಲೆ ಮೆಲ್ಲಗೆ ಹಳದಿಗಟ್ಟುತ್ತ ಬರುವ ಜಾತಿಯದು, ಚಹಾ ತುಂಬಿದ ಗಾಜಿನ ಲೋಟದ ಮೂಲಕ ಲೋಕ ನೋಡಿದ ಹಾಗೆ ಎಂದರು. ಎಲ್ಲಕ್ಕಿಂತ ಮೊದಲು ನೀಲಿ ಸಾಯುತ್ತದೆ, ಆದರೆ ದಿನಕ್ಕೊಂದು ಕೂದಲೆಳೆಯಷ್ಟು ಸಾಯುವುದರಿಂದ ಸತ್ತದ್ದು ಗೊತ್ತೇ ಆಗುವುದಿಲ್ಲ ಎಂದರು. ಗುರುಬಾಯಕ್ಕ ಒಂದೇ ಪ್ರಶ್ನೆ ಕೇಳಿದರು.

"ಎಷ್ಟ ವರ್ಷ ಆತಮ್ಮಾ ಇದು ಶುರುವಾಗಿ?"

ಆರೇಳು ವರ್ಷವಾದರೂ ಆಗಿರಬೇಕು ಎಂದರು ಡಾಕ್ಟರಮ್ಮ. ಅಕ್ಕ ಕೆಲಸದಿಂದ ನಿವೃತ್ತರಾಗಿ ಆಗ ನಾಲ್ಕು ವರ್ಷ. ಆಕೆ ಬೆರಳು ಮಡಿಸಿ ಎಣಿಸಿದ್ದನ್ನು ನಾನು ಕಂಡೆ.

ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಮಾರನೆಯ ದಿನ ಪಟ್ಟಿ ತೆಗೆಸಿಕೊಂಡು ಆಟೋದಲ್ಲಿ ಕರೆತಂದೆ. ಕರಿ ಕನ್ನಡಕ ಹಾಕಿ ಕೂರಿಸಿದ್ದರು. ಗಲ್ಲಿಗೆ ಬಂದು ಇಳಿದವರೇ, ನಾನು ಬೇಡವೆನ್ನುವಷ್ಟರಲ್ಲಿ, ಕನ್ನಡಕವನ್ನು ಹಣೆಗೆ ಏರಿಸಿದರು. ಎದುರಿಗೆ ಅವರ ಬಾಗಿಲಲ್ಲಿ ನೀರಿನ ಪ್ಲಾಸ್ಟಿಕ್ ಡ್ರಮ್ ಇತ್ತು. ಹೈದರಾಬಾದಿನ ಮನೆಮನೆಯ ಮುಂದೆ ಇರುವಂಥದೇ, ಹದಿನೈದು ವರ್ಷದ ಹಳೆಯ ನೀಲಿ ಡ್ರಮ್. ಆಕೆ ಅದರ ಮುಂದೆ ನಿಂತುಬಿಟ್ಟರು.

ಬಲಗಣ್ಣು ಮುಚ್ಚಿದರು. ತೆಗೆದು ಎಡಗಣ್ಣು ಮುಚ್ಚಿದರು. ಮತ್ತೆ ಬಲಗಣ್ಣು. ಆಮೇಲೆ ಡ್ರಮ್ಮಿನ ಮೇಲೆ ಎರಡೂ ಕೈ ಇಟ್ಟರು, ಜ್ವರ ಬಂದ ಮಗುವಿನ ಮೈ ಮುಟ್ಟುವ ಹಾಗೆ.

"ಯವ್ವಾ, ಇದು ಇಷ್ಟ ನೀಲಿ ಐತೇನು?" ಎಂದರು. "ನಳಿನಿ, ಬಾ ಇಲ್ಲೆ! ಇಷ್ಟ ನೀಲಿ ಐತೇನ ಇದು? ನೀವೆಲ್ಲಾ ದಿನಾ ಇದನ್ನ ನೋಡತಿದ್ದಿರೇನು?"

ಮುಗಿಲು ನೋಡಿದರು. ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ನೀಲಿ ಲಂಗ ನೋಡಿ ನಕ್ಕರು. ಕಣ್ಣಲ್ಲಿ ನೀರು ಬರಬಾರದೆಂದು ಡಾಕ್ಟರಮ್ಮ ಹೇಳಿದ್ದರು, ಅದು ಆಕೆಯ ಕೈಯಲ್ಲಿ ಇರಲಿಲ್ಲ. ಒಂದೊಂದು ಕಣ್ಣು ಮುಚ್ಚಿ ತೆಗೆದು ಎರಡು ಲೋಕಗಳ ನಡುವೆ ಹೋಗಿಬಂದು ಮಾಡುತ್ತಿದ್ದ ಅರವತ್ನಾಲ್ಕರ ಹೆಂಗಸನ್ನು ನೋಡಿ ನಮಗೂ ಮೈಮೇಲೆ ಮುಳ್ಳೆದ್ದವು. ವೈಜನಾಥಣ್ಣ ಎಂದೂ ಮಾತಾಡದ ಮನುಷ್ಯ, "ಈಗರೆ ನಾ ಎಷ್ಟ ಕರ್ರಗ ಅದೀನಿ ನೋಡಿಕೊ" ಎಂದು ನಗಿಸಿದ.

ಆಮೇಲೆ ಆಕೆ ನಮ್ಮ ಕೋಣೆಗೆ ಬಂದು ಹಲಗೆಗಳನ್ನು ಕೇಳಿದರು. ಟ್ಯೂಬ್‌ಲೈಟ್ ಹಾಕಿಸಿ, ಅಂಚಿಗೆ ಅಂಚು ತಾಗಿಸಿ, ಎಡಗಣ್ಣಿನಿಂದ ನೋಡಿದರು. ಒಂದೇ. ಬಲಗಣ್ಣಿನಿಂದ ನೋಡಿದರು. ಬೇರೆ ಬೇರೆ.

"ಆ ಹುಡಿಗಿ ಖರೇ ಹೇಳಿದ್ದಳು ತಮ್ಮಾ," ಎಂದರು. "ದೀಪಾಲಿ. ಆಕಿ ಬೆರಕಿ ಮಾಡಿಲ್ಲ. ಆಕಿ ಹೊಟ್ಟಿ ಮ್ಯಾಲ ನಾನ ಕಾಲಿಟ್ಟೀನಿ."

ಸಮಾಧಾನ ಹೇಳಲು ಹೋದೆ. ನಿಮಗೇನು ಗೊತ್ತಿತ್ತು ಅಕ್ಕಾ ಎಂದೆ. "ಗೊತ್ತಿಲ್ಲದಾಗ ಅಷ್ಟ ಗಟ್ಟಿ ಒದರಬಾರದಾಗಿತ್ತು" ಎಂದು ನನ್ನ ಬಾಯಿ ಮುಚ್ಚಿಸಿದರು. ನಳಿನಿಗೆ ಮಾತ್ರ, ಹಸಿರು ಬಳಿಸು, ಅದು ಕಣ್ಣಿಗೆ ತಂಪು ಎಂದು ಹೇಳಿ ಹೋದರು.

ಹಳೆಯ ಕಾರ್ಖಾನೆಯವರನ್ನು ಒಬ್ಬರಾದ ಮೇಲೆ ಒಬ್ಬರನ್ನು ಹಿಡಿದು, ಎರಡು ವಾರದಲ್ಲಿ ದೀಪಾಲಿಯ ಫೋನ್ ನಂಬರ್ ತೆಗೆದರು. ನಮ್ಮ ಮನೆಯಲ್ಲೇ ಕೂತು ಮಾತಾಡಿದರು, ಸ್ಪೀಕರ್ ಹಾಕಿ. ಗಂಡನಿಗೂ ನಮಗೂ ಕೇಳಲಿ, ನನ್ನ ತಪ್ಪು ಎಲ್ಲರ ಮುಂದೆ ಆಗಲಿ ಎಂದರು. ತಮ್ಮ ಕಣ್ಣಿನ ಕಥೆಯನ್ನೆಲ್ಲ ಹೇಳಿ, "ನಿನ್ನ ಮಶೀನು ಖರೇ ಇತ್ತವ್ವಾ. ನನ್ನ ಕಣ್ಣ ಸುಳ್ಳಾಗಿತ್ತು" ಎಂದರು.

ಆ ಕಡೆಯಿಂದ ಒಂದು ಸಣ್ಣ ದನಿ ಬಂತು.

"ಮಶೀನಷ್ಟ ಅಲ್ಲರಿ ಅಕ್ಕಾ. ನನ್ನ ಕಣ್ಣಿಗೂ ಬ್ಯಾರೆ ಕಂಡಿದ್ದವು. ಆದರ ನೀವು ಒಂದ ಅಂದ್ರಿ. ಗುರುಬಾಯಕ್ಕಗ ತಪ್ಪತೈತೇನು, ನನ್ನ ಕಣ್ಣಿನಾಗ ಏನೋ ದೋಷ ಐತಿ ಅಂತ ತಿಳಕೊಂಡೆ. ಎರಡ ಸಲ ಕಣ್ಣ ತಪಾಸಣಿ ಮಾಡಿಸಿದೆ. ಡಾಕ್ಟರ್ ಏನೂ ಇಲ್ಲ ಅಂದ್ರೂ ನಂಬಿಕಿ ಬರಲಿಲ್ಲ. ಬ್ಯಾರೆ ಪೇಂಟ್ ಕಂಪನ್ಯಾಗ ಕೆಲಸ ಸಿಕ್ಕಿತ್ತು, ಹೋಗಲಿಲ್ಲರಿ. ಈಗ ಒಂದ ಲ್ಯಾಬಿನಾಗ ರಿಪೋರ್ಟ್ ಟೈಪ್ ಮಾಡತೀನಿ. ಕರಿ ಅಕ್ಷರ, ಬಿಳಿ ಹಾಳಿ."

ಗುರುಬಾಯಕ್ಕ ಸೆರಗನ್ನು ಬಾಯಿಗೊತ್ತಿಕೊಂಡರು. ಆಮೇಲೆ, "ರವಿವಾರ ಬರತೀಯೇನವ್ವಾ? ಇಲ್ಲೊಂದ ಖೋಲಿಗೆ ಬಣ್ಣ ಆರಿಸೂದೈತಿ" ಎಂದರು.

ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಚೀಲವನ್ನು ಎದೆಗೆ ಅವಚಿಕೊಂಡು ಹೊಸ್ತಿಲಲ್ಲೇ ನಿಂತಳು. ಗುರುಬಾಯಕ್ಕ ಎದ್ದು ಹೋಗಿ ಅವಳ ಕೈಹಿಡಿದು ಒಳಗೆ ಕರೆತಂದು, ಎರಡೂ ಹಲಗೆಗಳನ್ನು ಕೊಟ್ಟರು. ಅವಳು ಹಲಗೆ ನೋಡುವ ಬದಲು ಅಕ್ಕನ ಮುಖವನ್ನೇ ನೋಡಿದಳು.

"ನೀವ ಹೇಳ್ರಿ ಅಕ್ಕಾ."

"ನಾ ಹೇಳಂಗಿಲ್ಲ. ನಾ ಹೇಳಿ ಒಮ್ಮೆ ನಿನ್ನ ಕೆಡಿಸೀನಿ." ಹಾಗೆಂದು ಗುರುಬಾಯಕ್ಕ ಕೋಣೆಯಿಂದ ಹೊರಗೆ ಹೋಗಿ ನಮ್ಮ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತರು.

ದೀಪಾಲಿ ನೆಲದ ಮೇಲೆ ಕೂತು ಅಂಚಿಗೆ ಅಂಚು ತಾಗಿಸಿದಳು. ಮೂರು ಎಣಿಸುವಷ್ಟು ಹೊತ್ತು ನೋಡಿ ಬೇರೆ ಕಡೆ ನೋಡಿದಳು, ಎಡದ್ದನ್ನು ಬಲಕ್ಕಿಟ್ಟಳು. ಆಮೇಲೆ ಎದ್ದು ಟ್ಯೂಬ್‌ಲೈಟ್ ಆರಿಸಿ, ಹಲಗೆಗಳನ್ನು ಕಿಟಕಿಯ ಬೆಳಕಿಗೆ ಒಯ್ದು ಮತ್ತೆ ನೋಡಿದಳು. ಬಹಳ ಹೊತ್ತು ಹಿಡಿಯಿತು. ನನ್ನಂಥವನೂ ಗದರಲಿಲ್ಲ, ಕಾದೆ.

"ಇದು ನೀಲಿ, ಇದು ಹಸಿರು," ಎಂದಳು ಕಡೆಗೆ, ಯಾರನ್ನೂ ನೋಡದೆ. "ಹಸಿರು ಲೈಟಿನಾಗ ಚಲೋ ಕಾಣತೈತಿ. ಹೊರಗಿನ ಬೆಳಕ ಬಿದ್ದರ ಹಳದಿ ತಿರಗತೈತಿ, ನಳಿನಿ ಅಕ್ಕಾರ ಕಣ್ಣಿಗೆ ಚುಚ್ಚತೈತಿ. ನೀಲಿ ಎರಡರಾಗೂ ಸುಮ್ಮನ ಇರತೈತಿ. ಈ ಖೋಲಿಗೆ ನೀಲಿ."

ಅಯ್ಯೋ, ಅಕ್ಕ ಹಸಿರು ಎಂದಿದ್ದರಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಳಿನಿ ನನ್ನ ಕಾಲು ತುಳಿದಳು. ಅಷ್ಟರಲ್ಲಿ ಗುರುಬಾಯಕ್ಕ ಒಳಗೆ ಬಂದು, ಹಸಿರು ಹಲಗೆಯನ್ನು ತಾವೇ ಕಿಟಕಿಗೆ ಒಯ್ದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ನೋಡಿದರು. ಅಂಚಿನಲ್ಲಿ ಹಳದಿ ಮೆಲ್ಲಗೆ ಏಳುವುದು ಈಗ ನನಗೂ ಕಾಣುತ್ತಿತ್ತು. ಆಕೆ ಅದನ್ನು ಗೋಡೆಗೆ ಮುಖಮಾಡಿ ಇಟ್ಟುಬಿಟ್ಟರು.

"ನೀಲಿನ ಬಳಿಸು," ಎಂದರು ನನಗೆ.

ದೀಪಾಲಿ ಅಕ್ಕನ ಕಡೆ ತಿರುಗಿದಳು. "ಖರೇನ ಹೇಳತೀರೇನ್ರಿ ಅಕ್ಕಾ? ನನ್ನ ಮನಸ ನೋಯಬಾರದು ಅಂತ ಹೇಳಾಕತ್ತಿಲ್ಲ? ನನಗ ಸರಿ ಕಂಡೈತಿ?"

"ನಿನಗ ಸರೀನ ಕಂಡೈತಿ ಮಗಳ," ಎಂದರು ಗುರುಬಾಯಕ್ಕ. "ಅವತ್ತೂ ನಿನಗ ಸರೀನ ಕಂಡಿತ್ತು."